ಒಂದು ಪದ, ಹಲವು ಸುಳಿವು: ಪದಬಂಧದಲ್ಲಿ ‘ಕಲ್ಯಾಣ’

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಇದು ಅದರ ಬರಹ ರೂಪ. ಇವತ್ತು ಒಂದೇ ಪದ: ಕಲ್ಯಾಣ.

ಡೊಂಬಿವಲಿಯ ನಮ್ಮ ಮಕ್ಕಳಿಗೆ ಈ ಪದ ಹೇಳಿದ್ರೆ ಮೊದಲು ನೆನಪಾಗೋದು ಸ್ಟೇಷನ್. ಠಾಕುರ್ಲಿ ದಾಟಿದ್ರೆ ಕಲ್ಯಾಣ್. ತಪ್ಪೇನಿಲ್ಲ, 1854ರಿಂದ ಅಲ್ಲಿಗೆ ರೈಲು ಬರ್ತಿದೆ. ಆದರೆ ಮೊದಲು ಹೊಳೆದ ಅರ್ಥಕ್ಕೇ ಅಂಟಿಕೊಂಡರೆ ಪದಬಂಧ ಬಿಡಿಸೋಕಾಗಲ್ಲ.

ಮೊದಲು ಮನೆಗಳ ಲೆಕ್ಕ. ಇಂಗ್ಲಿಷ್‌ನಲ್ಲಿ ಕಲ್ಯಾಣ್ ಅಂತ ಬರೆಯೋಕೆ ಆರು ಮನೆ ಬೇಕು. ಕನ್ನಡದಲ್ಲಿ ಒತ್ತು, ದೀರ್ಘ ಎಲ್ಲ ಸೇರಿಯೂ ಒಂದು ಅಕ್ಷರಕ್ಕೆ ಒಂದೇ ಮನೆ. ಕ, ಲ್ಯಾ, ಣ: ಮೂರೇ.

ಈಗ ಸುಳಿವುಗಳನ್ನು ನೋಡಿ.

‘ಮದುವೆ (3)’: ಕಲ್ಯಾಣ. ಇದು ಸುಲಭ.

‘ಎಲ್ಲರ ಒಳಿತು (5)’: ಲೋಕಕಲ್ಯಾಣ.

‘ಬೀದರ್ ಜಿಲ್ಲೆಯ ಶರಣರ ನೆಲ (6)’: ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ ಬಸವಣ್ಣನವರು ಅಲ್ಲಿದ್ದಾಗ, ಅದು ಬರೀ ಕಲ್ಯಾಣ. ಹಾಗಾಗಿ ‘ಚಾಲುಕ್ಯರ ರಾಜಧಾನಿ’ ಅಂತ ಕೇಳಿ (3) ಅಂದ್ರೆ ಬಸವನನ್ನು ಸೇರಿಸಬೇಡಿ.

‘ಮೆಟ್ಟಿಲಿಳಿದರೆ ನೀರು, ಹಾಡಿದರೆ ರಾಗ (3)’: ಇಲ್ಲಿ ಕಲ್ಯಾಣ ಅಂತ ಬರೆದ್ರೆ ಸಿಕ್ಕಿಬಿದ್ರಿ. ದೇವಸ್ಥಾನದ ಕೊಳವೂ ಕಲ್ಯಾಣಿ, ರಾಗವೂ ಕಲ್ಯಾಣಿ. ಹಿಂದೂಸ್ತಾನಿ ಕೇಳುವವರು ಅದನ್ನು ಯಮನ್ ಅಂತ ಗುರುತಿಸ್ತಾರೆ.

ಕೊನೆಯ ಮನೆ ಣ ಆ, ಣಿ ಆ ಅಂತ ಅನುಮಾನ ಬಂದ್ರೆ ಮೇಲಿನಿಂದ ಕೆಳಕ್ಕೆ ಬರುವ ಪದ ನೋಡಿ. ಅಲ್ಲಿ ‘ದುಡ್ಡು (2)’ ಇದ್ರೆ ಹಣ, ಅಂದ್ರೆ ಣ. ‘ಅರಸಿ (2)’ ಇದ್ರೆ ರಾಣಿ, ಅಂದ್ರೆ ಣಿ. ಅಡ್ಡ ಪದದ ಜಗಳವನ್ನು ಉದ್ದ ಪದ ಬಿಡಿಸುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ. ಆದರೆ ಶಾಲೆಯಲ್ಲಿ ಮರಾಠಿ ಓದ್ತಾರೆ, ಜೋಡಾಕ್ಷರ ಗೊತ್ತು. ಮರಾಠಿಯಲ್ಲೂ ಕಲ್ಯಾಣ ಮೂರೇ ಅಕ್ಷರ. ಅವರಿಗೆ ಹೊಸದು ಲಿಪಿ ಮಾತ್ರ. ಇಡೀ ಪುಟ ಕೊಟ್ಟರೆ ಹೆದರುವ ಮಗು ಮೂರು ಮನೆ ತುಂಬೋಕೆ ಹೆದರಲ್ಲ. ಅರ್ಥ ಅಜ್ಜಿ ಹೇಳಲಿ, ಪೆನ್ಸಿಲ್ ಮೊಮ್ಮಗಳ ಕೈಯಲ್ಲಿರಲಿ. ಸ್ಟೇಷನ್ ಹೆಸರಿನೊಳಗೆ ಮದುವೆ, ಕೊಳ, ರಾಗ ಎಲ್ಲ ಇದೆ ಅಂತ ಅವಳಿಗೆ ಗೊತ್ತಾಗಲಿ.

ಈ ಭಾನುವಾರಕ್ಕೆ ಒಂದು: ‘ಕಲಾವಿದನಿಗೆ ಒಲಿಯುತ್ತದೆ, ಬಿಳಿ ಅಂಗಿಗೆ ಅಂಟುತ್ತದೆ (2)’. ಮನೆಯವರೆಲ್ಲ ಕೂತು ಬಿಡಿಸಿ. ಸಿಗೋಣ.