ಹಡಗಿನ ಲೆಕ್ಕದಲ್ಲಿ ಮುತ್ತಜ್ಜಿಯ ಹೆಸರು

ಗಿರ್ಮಿಟ್ ಅಂದಕೂಡಲೇ ನಮಗೆ ಹುಬ್ಬಳ್ಳಿ-ಧಾರವಾಡದ ಚುರುಮುರಿ, ಅದರ ಮೇಲೆ ಉದುರಿಸಿದ ಸೇವು, ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಆದರೆ ಫಿಜಿ ದ್ವೀಪಗಳ ಭಾರತೀಯ ಮನೆಗಳಲ್ಲಿ ಇದೇ ಮಾತು ಬಂದರೆ ನೀರೂರುವುದು ಕಣ್ಣಲ್ಲಿ! ಅಲ್ಲಿ ಗಿರ್ಮಿಟ್ ಅಂದರೆ ‘ಅಗ್ರಿಮೆಂಟ್’. ಕಬ್ಬಿನ ತೋಟದಲ್ಲಿ 5 ವರ್ಷ ದುಡಿಯುವ ಕರಾರು. 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಜನ ಕಲ್ಕತ್ತಾ ಮತ್ತು ಮದರಾಸಿನಲ್ಲಿ ಹಡಗು ಹತ್ತಿ ಅಲ್ಲಿಗೆ ಹೋದರು. 100 ಗಂಡಸರಿಗೆ 40 ಹೆಂಗಸರು ಇರಬೇಕೆಂಬ ನಿಯಮವೂ ಇತ್ತು.

ಆ ಹೆಂಗಸರ ಮರಿಮಕ್ಕಳು ಈಗ ಕೇಳುತ್ತಿದ್ದಾರೆ: “ನಮ್ಮ ಮುತ್ತಜ್ಜಿ ಯಾವ ಹಡಗಿನಲ್ಲಿ ಬಂದಳು? ದಾರಿಯಲ್ಲಿ ಏನೇನು ಕಂಡಳು?” ಆಕೆ ದಿನಚರಿ ಬರೆದಿಟ್ಟವಳಲ್ಲ. ಹಾಗಾದರೆ ಹೇಳುವವರು ಯಾರು? ಹಳೆಯ ಪತ್ರಿಕೆಗಳು!

ಅಂದಿನ ಪತ್ರಿಕೆಗಳಲ್ಲಿ ಹಡಗುಗಳ ಸುದ್ದಿಗೆಂದೇ ಒಂದು ಅಂಕಣ ಇರುತ್ತಿತ್ತು. ಯಾವ ಹಡಗು ಬಂತು, ಎಷ್ಟು ದಿನ ಹಿಡಿಯಿತು, ಕ್ಯಾಪ್ಟನ್ ಯಾರು ಎಲ್ಲವೂ ಅಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ಈ ಎರಡರಲ್ಲೂ ಹಳೆಯ ಪತ್ರಿಕೆಗಳನ್ನು ಮನೆಯಲ್ಲೇ ಕುಳಿತು, ಒಂದು ಕಾಸೂ ಕೊಡದೆ ಓದಬಹುದು.

ಆದರೆ ನೋಡಿ, ಅಲ್ಲಿ ಮುತ್ತಜ್ಜಿಯ ಹೆಸರು ಹುಡುಕಿದರೆ ನಿರಾಸೆಯೇ ಗತಿ. ಕ್ಯಾಬಿನ್ನಿನಲ್ಲಿ ಬಂದ ದೊರೆ-ದೊರೆಸಾನಿಯರ ಹೆಸರು ಒಂದೊಂದಾಗಿ ಅಚ್ಚಾಗುತ್ತಿತ್ತು. ಕೆಳಗಿನ ಅಟ್ಟದಲ್ಲಿ ಒತ್ತಿಕೊಂಡು ಬಂದ ನಮ್ಮವರು “ಇಷ್ಟು ಮಂದಿ ಕೂಲಿಗಳು” ಅಷ್ಟೇ. ಅದಕ್ಕೇ ಹೆಸರು ಬಿಟ್ಟು ಹಡಗನ್ನು ಹುಡುಕಬೇಕು. ಹಡಗಿನ ಹೆಸರು ಸಿಗುವುದು ವಲಸೆ ಪಾಸಿನಲ್ಲಿ. ಸುವಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಪಾಸುಗಳಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲವನ್ನೂ ಅದರಲ್ಲಿ ಬರೆದಿರುತ್ತಾರೆ.

ಪಾಸಿನಲ್ಲಿ ‘ಸಿರಿಯಾ’ ಎಂದಿದೆ ಅಂತ ಇಟ್ಟುಕೊಳ್ಳಿ. ಬರೀ ‘ಸಿರಿಯಾ’ ಅಂತ ಹುಡುಕಿದರೆ ಆ ಹೆಸರಿನ ದೇಶದ ಸುದ್ದಿಯೇ ರಾಶಿ ಬೀಳುತ್ತದೆ! ಜೊತೆಗೆ ‘ಫಿಜಿ’ ಸೇರಿಸಿ, 1884 ಎಂದು ವರ್ಷ ಹಾಕಿ. ಆಗ ಎದೆ ಝಲ್ಲೆನ್ನುವ ಕಥೆ ತೆರೆದುಕೊಳ್ಳುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ 497 ಪ್ರಯಾಣಿಕರೊಂದಿಗೆ ಕಲ್ಕತ್ತಾ ಬಿಟ್ಟ ಹಡಗು ಅದು. ಮೇ 11ರ ರಾತ್ರಿ, ಇನ್ನೇನು ದಡ ಸೇರಬೇಕು ಎನ್ನುವಾಗ, ರೇವಾ ನದಿಯ ಮುಖದ ಹತ್ತಿರ ನಾಸಿಲಾಯಿ ಹವಳದ ಬಂಡೆಗೆ ಬಡಿದು ಒಡೆಯಿತು. 59 ಜೀವಗಳು ಹೋದವು. ಡಾಕ್ಟರ್ ವಿಲಿಯಂ ಮ್ಯಾಕ್‌ಗ್ರೆಗರ್ ಅಲೆಗಳ ನಡುವೆ ನಿಂತು ಜನರನ್ನು ಉಳಿಸಿ ‘ಆಲ್ಬರ್ಟ್ ಮೆಡಲ್’ ಪಡೆದರು.

ಇಂಥ ಸುದ್ದಿಯನ್ನು ಒಂದೇ ದಿನದ ಪತ್ರಿಕೆ ಓದಿ ನಂಬಬೇಡಿ. 1902ರವರೆಗೆ ಫಿಜಿಗೆ ಸಮುದ್ರದಡಿಯ ತಂತಿ ಇರಲಿಲ್ಲ. ಸುದ್ದಿಯೂ ಹಡಗಿನಲ್ಲೇ ಸಿಡ್ನಿಗೋ ಆಕ್ಲೆಂಡಿಗೋ ಹೋಗಬೇಕಿತ್ತು. ಆದ್ದರಿಂದ ಮುಂದಿನ ನಾಲ್ಕಾರು ವಾರಗಳ ಪತ್ರಿಕೆಗಳನ್ನೂ ನೋಡಿ, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ತಾಳೆ ಹಾಕಿ. ಹಳೆಯ ಅಚ್ಚನ್ನು ಯಂತ್ರ ತಪ್ಪುತಪ್ಪಾಗಿ ಓದಿರುವುದೂ ಉಂಟು. ಟ್ರೋವ್‌ನಲ್ಲಿ ಆ ತಪ್ಪನ್ನು ಓದುವವರೇ ತಿದ್ದಬಹುದು. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಿದ್ದರೆ ಸಾಕು, ಈ ಕೆಲಸಕ್ಕೆ ನಮಗಿಂತ ಸಮರ್ಥರು ಯಾರಿದ್ದಾರೆ?

ಕೊನೆಗೆ ಪಾಸು ಮತ್ತು ಪತ್ರಿಕೆ ಎರಡನ್ನೂ ಅಕ್ಕಪಕ್ಕ ಇಡಿ. ಒಂದರಲ್ಲಿ ಹೆಸರಿದೆ, ಪ್ರಯಾಣವಿಲ್ಲ. ಇನ್ನೊಂದರಲ್ಲಿ ಪ್ರಯಾಣವಿದೆ, ಹೆಸರಿಲ್ಲ. ಎರಡನ್ನೂ ಸೇರಿಸಿ ಹೊಲಿದಾಗ, 497 ಎಂಬ ಅಂಕಿಯ ಒಳಗಿಂದ ಹಣೆಯ ಮೇಲೆ ಗಾಯದ ಗುರುತಿದ್ದ, ಹಳ್ಳಿಯ ಹೆಸರು ಗೊತ್ತಿದ್ದ ಒಬ್ಬ ಹೆಣ್ಣುಮಗಳು ಎದ್ದು ಬರಬಹುದು.

ನಿಮ್ಮ ಮನೆಯಿಂದಲೂ ಯಾರೋ ಹಿಂದೆ ಕಡಲು ದಾಟಿ ಹೋಗಿದ್ದಾರೆಯೇ? ಹಾಗಿದ್ದರೆ ಹುಡುಕಾಟ ಶುರುವಾಗಬೇಕಾದದ್ದು ಪತ್ರಿಕೆಯಿಂದಲ್ಲ, ಮನೆಯ ಹಿರಿಯರಿಂದ. ಸಂಜೆ ಅವಲಕ್ಕಿ ಕೊಟ್ಟು ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಹಡಗಿನ ಹೆಸರು, ಊರು, ವರ್ಷ, ಯಾವುದು ನೆನಪಿದ್ದರೂ ಒಂದು ಪುಸ್ತಕದಲ್ಲಿ ಬರೆದಿಡಿ. ಪತ್ರಿಕೆಗಳು ನೂರು ವರ್ಷ ಕಾಯುತ್ತವೆ ಕಣ್ರೀ, ಅಜ್ಜಿ ಕಾಯುವುದಿಲ್ಲ.