ನಮ್ಮ ಕೈಯಿಂದ ತೆರೆಯುವ ಬಾಗಿಲು

ಸ್ವಾತಂತ್ರ್ಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವುದು ಧ್ವಜಸ್ತಂಭ, ಶಾಲೆಯ ಅಂಗಳ, ಮಕ್ಕಳ ಪ್ರಭಾತಫೇರಿ. ದೇಶದ ಸ್ವಾತಂತ್ರ್ಯವನ್ನು ನಾವು ವರುಷಕ್ಕೊಮ್ಮೆಯಾದರೂ ನೆನೆಯುತ್ತೇವೆ. ಆದರೆ ಬೆಳಗಾಗೆದ್ದು ಬಾಗಿಲ ಅಗಳಿ ಸರಿಸಿ ಅಂಗಳಕ್ಕಿಳಿಯುವುದು, ಹಸಿವಾದಾಗ ಉಣ್ಣುವುದು, ಬೇಸರವಾದಾಗ ನೆರೆಮನೆಯ ಕಟ್ಟೆಗೆ ಹೋಗಿ ಕೂಡುವುದು, ರಾತ್ರಿ ದೀಪವಾರಿಸಿ ಮಲಗುವುದು ಇವೆಲ್ಲವೂ ಸ್ವಾತಂತ್ರ್ಯದ ಅಂಗಗಳೇ ಎಂಬುದು ನಮ್ಮ ನೆನಪಿಗೆ ಬರುವುದೇ ಇಲ್ಲ. ಈ ಸಣ್ಣ ಸ್ವಾತಂತ್ರ್ಯಗಳ ಬೆಲೆಯನ್ನು ನನಗೆ ತಿಳಿಸಿಕೊಟ್ಟವನು ಉತ್ತರ ಕರ್ನಾಟಕದ ಒಂದು ಕೇಂದ್ರ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿರುವ ನನ್ನ ಬಾಲ್ಯದ ಗೆಳೆಯ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮನೆಯವರು ಊರಲ್ಲಿ ತಲೆಯೆತ್ತಿ ಬಾಳಬೇಕು. ನಾವಿಬ್ಬರೂ ಒಂದೇ ಓಣಿಯವರು. ಒಂದೇ ಶಾಲೆಯಲ್ಲಿ ಕಲಿತು, ಒಂದೇ ಮಠದ ಅಂಗಳದಲ್ಲಿ ಆಡಿ ಬೆಳೆದವರು. ಅವನ ಮನೆಗೂ ಪಕ್ಕದ ಹೊಲದವರಿಗೂ ಬದುವಿನ ವ್ಯಾಜ್ಯ ಹಲವು ವರುಷಗಳಿಂದ ಹೊಗೆಯಾಡುತ್ತಿತ್ತು. ಒಂದು ಮುಂಗಾರಿನ ದಿನ ಮಾತಿಗೆ ಮಾತು ಬೆಳೆದು ಕೈಯಲ್ಲಿದ್ದ ಬಡಿಗೆ ಮೇಲೆದ್ದಿತು. ಏಟು ತಿಂದವನು ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನ್ಯಾಯಾಲಯವು ಇದು ಕೊಲೆಯಲ್ಲದ ನರಹತ್ಯೆ ಎಂದು ತೀರ್ಮಾನಿಸಿ ಏಳು ವರುಷಗಳ ಶಿಕ್ಷೆ ವಿಧಿಸಿತು. ಗೆಳೆಯ ತನ್ನ ಅಪರಾಧವನ್ನು ಅಲ್ಲಗಳೆಯಲಿಲ್ಲ. ಅವನ ಪರವಾಗಿ ನಾನೂ ಅಲ್ಲಗಳೆಯುವುದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಸೆರೆಯಾಳಿನ ಬಗೆಗೆ ಕನಿಕರ ಪಡುವಾಗ ಮಡಿದವನ ಮನೆಯನ್ನು ಮರೆಯುವುದು ನ್ಯಾಯವಾಗದು.

ಹೊರಬಾಗಿಲಿನಿಂದ ಜಾಲರಿಯವರೆಗೆ

ಸೆರೆಯಾಳನ್ನು ಕಾಣುವುದಕ್ಕೆ ನಮ್ಮ ಕಡೆಯ ಜನ ಇಂದಿಗೂ ಮುಲಾಖತ್ ಎನ್ನುತ್ತಾರೆ. ಅದರ ದಿನ ಬೆಳಗಿನಿಂದಲೇ ಕಾರಾಗೃಹದ ಹೊರಗೆ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ಹೆಚ್ಚಿನವರು ಹೆಂಗಸರು; ತಾಯಂದಿರು, ಹೆಂಡಂದಿರು, ಕಂಕುಳಲ್ಲಿ ಕೂಸು ಎತ್ತಿಕೊಂಡ ತಂಗಿಯರು. ಹಿಂದಿನ ರಾತ್ರಿಯೇ ಬಸ್ಸು ಹತ್ತಿ ಬಂದು ನಿಲ್ದಾಣದಲ್ಲಿ ಮಲಗಿದ್ದವರೂ ಉಂಟು. ಗುರುತಿನ ಚೀಟಿ ತೋರಿಸಬೇಕು, ಕೈದಿಗೆ ತಾನು ಏನಾಗಬೇಕೆಂಬುದನ್ನು ಹೇಳಿ ಪುಸ್ತಕದಲ್ಲಿ ಹೆಸರು ಬರೆಸಬೇಕು. ಮೊಬೈಲ್ ಫೋನು, ಚೀಲ ಎಲ್ಲವನ್ನೂ ಹೊರಗೇ ಇಡಬೇಕು. ತಂದ ಪದಾರ್ಥಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಒಬ್ಬ ಮುದುಕಿ ಮಗನಿಗೆಂದು ಕಟ್ಟಿ ತಂದಿದ್ದ ರೊಟ್ಟಿಯ ಗಂಟನ್ನು ಒಳಗೆ ಒಯ್ಯಲಾಗದೆ, ಸಾಲಿನಲ್ಲಿದ್ದ ಮಕ್ಕಳಿಗೆ ಹಂಚಿಬಿಟ್ಟುದನ್ನು ನಾನು ಕಂಡಿದ್ದೇನೆ.

ಒಳಗೆ ಎರಡು ಸಾಲು ಜಾಲರಿ. ಆಚೆಗೆ ಅವರು, ಈಚೆಗೆ ನಾವು, ನಡುವೆ ಒಂದಿಷ್ಟು ಬರಿದಾದ ಜಾಗ. ಹತ್ತಾರು ಮಂದಿ ಒಮ್ಮೆಗೇ ಮಾತನಾಡುವುದರಿಂದ ಕೂಗಿಯೇ ಹೇಳಬೇಕು. ಮನೆಯ ಗುಟ್ಟು, ಸಾಲದ ಲೆಕ್ಕ, ಮಗಳ ಜ್ವರ, ಗಂಡನ ಮೇಲಿನ ಸಿಟ್ಟು ಎಲ್ಲವೂ ಕೂಗಿನಲ್ಲಿಯೇ ನಡೆಯುತ್ತವೆ. ಕೆಲವು ಕಾರಾಗೃಹಗಳಲ್ಲಿ ಗಾಜಿನ ತಡೆಯೂ ದೂರವಾಣಿಯ ಕಿವಿಗೊಳವೆಯೂ ಬಂದಿವೆ. ಆದರೆ ಗಾಜಿನ ಮೂಲಕವಾಗಲಿ ಜಾಲರಿಯ ಮೂಲಕವಾಗಲಿ ತಾಯಿಯ ಕೈ ಮಗನ ತಲೆಗೆ ಮುಟ್ಟುವುದಿಲ್ಲ.

ಗೆಳೆಯ ಬಂದು ನಿಂತೊಡನೆ ಕೇಳಿದ ಮೊದಲ ಮಾತು, “ಊರಾಗ ಮಳಿ ಹೆಂಗೈತೋ?” ಎಂದು. ಎರಡನೆಯದು, “ಬಾವಿ ಹೊಲದಾಗ ಏನು ಬಿತ್ಯಾರ?” ತನ್ನ ಆರೋಗ್ಯ, ತನ್ನ ಕಷ್ಟಗಳ ಮಾತು ಆ ಬಳಿಕ ಬಂದಿತು, ಅದೂ ನಾನು ಕೇಳಿದ್ದರಿಂದ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದ. ಹಸಿವೆಯಾದರೂ ಆಗದಿದ್ದರೂ ಆ ಹೊತ್ತಿಗೇ ಉಣ್ಣಬೇಕು. ಸಂಜೆ ತಲೆ ಎಣಿಸಿ ಒಳಗೆ ಕೂಡಿ ಬೀಗ ಹಾಕಿದರೆ ತೆರೆಯುವುದು ಮರುದಿನ ಬೆಳಿಗ್ಗೆ. ರಾತ್ರಿಯಿಡೀ ದೀಪ ಉರಿಯುತ್ತಲೇ ಇರುತ್ತದೆ. ತೆರೆದ ಬಾನಿನ ಕೆಳಗೆ ನಿಂತು ಬೆಳದಿಂಗಳು ನೋಡಿ ಎರಡು ವರುಷಗಳಾದವು ಎಂದು ಅವನು ಹೇಳಿದಾಗ ನಾನು ಸುಮ್ಮನೆ ನಿಂತೆ.

“ಇಲ್ಲಿಗೆ ಬಂದ ಮ್ಯಾಲ ಒಂದು ಬಾಗಲಾನೂ ನಾ ನನ್ನ ಕೈಲೆ ತಗದಿಲ್ಲ ನೋಡೋ. ತಗಿಯಾವ್ರೂ ಅವರೇ, ಹಾಕಾವ್ರೂ ಅವರೇ” ಎಂದ. ಸ್ವಲ್ಪ ಹೊತ್ತು ಬಿಟ್ಟು ತಾನೇ ನಕ್ಕು ಮುಂದುವರಿಸಿದ: “ರಾತ್ರಿ ಕರೆಂಟ್ ಬಂದಾಗ ಹೊಲಕ್ಕ ನೀರು ಹಾಯಿಸಾಕ ಹೋಗೂದಂದ್ರ ಬೈಕೋತಿದ್ದೆ. ಈಗ ಹಂಗ ಒಂದು ಸಲ ಹೋಗಾಕ ಸಿಕ್ಕರ ಸಾಕು ಅನಸ್ತೈತಿ.”

ನಮ್ಮ ರೈತ ಬಂಧುಗಳಿಗೆ ಈ ಮಾತಿನ ಭಾರ ಕೂಡಲೇ ತಿಳಿಯುತ್ತದೆ. ನಟ್ಟಿರುಳಿನಲ್ಲಿ ಕೈದೀಪ ಹಿಡಿದು, ಹಾವು ಚೇಳುಗಳಿಗೆ ಅಂಜುತ್ತ, ಕೆಸರಿನಲ್ಲಿ ಮಡೆ ತಿರುಗಿಸುವ ಕೆಲಸವನ್ನು ಯಾರೂ ಸುಖವೆನ್ನುವುದಿಲ್ಲ. ಆದರೆ ಆ ಇರುಳಿನಲ್ಲಿ ಬಾಗಿಲು ತೆರೆದು ಹೊರಡುವವನು ತಾನೇ. ಯಾವ ದಾರಿಯಿಂದ ಹೋಗಬೇಕು, ಎಲ್ಲಿ ನಿಂತು ದಣಿವಾರಿಸಿಕೊಳ್ಳಬೇಕು ಎಂಬುದು ಅವನ ಇಚ್ಛೆ. ನಾವು ದಿನನಿತ್ಯ ಗೊಣಗುವ ಎಷ್ಟೋ ಕೆಲಸಗಳ ಒಳಗೆ ಇಂಥ ಆಯ್ಕೆ ಅಡಗಿದೆ. ಅದನ್ನು ಕಳೆದುಕೊಂಡವನು ಹೇಳಿದಾಗ ಮಾತ್ರ ನಮಗೆ ಕಾಣುತ್ತದೆ.

ಹೊರಡುವ ಹೊತ್ತಿಗೆ ಅವನು ಜಾಲರಿಯನ್ನು ಹಿಡಿದುಕೊಂಡು, ಹೆಸರು ಹೇಳಲಾರದೆ, “ಆ ಮನಿ ಹುಡುಗ್ರು ಸಾಲಿಗೆ ಹೊಂಟಾರೇನು?” ಎಂದು ಕೇಳಿದ. ಮಡಿದವನ ಮಕ್ಕಳ ಮಾತು ಅದು. “ಹೊಂಟಾರ” ಎಂದೆ. ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಹೊತ್ತಾಯಿತೆಂದು ಗಂಟೆ ಬಾರಿಸಿತು.

ಕೀರ್ತಿಯ ಸೆರೆ, ಅಪಕೀರ್ತಿಯ ಸೆರೆ

ಸೆರೆಮನೆ ನಮ್ಮ ನಾಡಿನ ಚರಿತ್ರೆಗೆ ಹೊಸದೇನೂ ಅಲ್ಲ. ಕಿತ್ತೂರಿನ ವೀರರಾಣಿ ಚೆನ್ನಮ್ಮಾಜಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದುಕೊಂಡೇ ೧೮೨೯ರಲ್ಲಿ ಕೊನೆಯುಸಿರೆಳೆದಳು. ೧೯೭೫ರಿಂದ ೧೯೭೭ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದ ನಾಯಕರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಿದ್ದರು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಅಲ್ಲಿಯೇ ಉಬ್ಬಸದಿಂದ ನರಳಿ, ೧೯೭೭ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಹಳೆಯ ಕಾರಾಗೃಹದ ನೆಲವು ೨೦೦೮ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. ಒಮ್ಮೆ ಎಣಿಕೆಯ ಹೆಜ್ಜೆಗಳಿಗಷ್ಟೇ ಅವಕಾಶವಿದ್ದ ಆವರಣದಲ್ಲಿ ಈಗ ಜನರು ತಮ್ಮಿಷ್ಟದಂತೆ ಅಡ್ಡಾಡುತ್ತಾರೆ.

ಅವರನ್ನೆಲ್ಲ ನಾಡು ಗೌರವದಿಂದ ನೆನೆಯುತ್ತದೆ, ಅದು ತಕ್ಕುದೇ. ತತ್ತ್ವಕ್ಕಾಗಿ ಸೆರೆ ಹೋದವರು ಬಿಡುಗಡೆಯಾದಾಗ ಹೂಮಾಲೆ ಹಿಡಿದು ಕಾಯುವ ಜನರಿರುತ್ತಾರೆ. ನನ್ನ ಗೆಳೆಯನಂಥವನು ಹೊರಬಂದಾಗ ಕಾಯುವವರು ಯಾರು? ಕೋಪದ ಒಂದು ಕ್ಷಣಕ್ಕೆ ಬಲಿಯಾಗಿ ಒಳಹೋದವನಿಗೆ ಒಳಗಿರುವ ವರುಷಗಳಿಗಿಂತ ಹೊರಬಂದ ಮೇಲಿನ ವರುಷಗಳೇ ಹೆಚ್ಚು ಭಯವನ್ನುಂಟುಮಾಡುತ್ತವೆ.

ಗೋಡೆಯೊಳಗೂ ಉಳಿಯುವ ಹಕ್ಕು

ಸೆರೆಯಾಳಿಗೆ ಹಕ್ಕುಗಳೇನಿವೆ ಎಂದು ಕೆಲವರು ಮೂಗು ಮುರಿಯುವುದುಂಟು. ನಮ್ಮ ಸರ್ವೋಚ್ಚ ನ್ಯಾಯಾಲಯ ಹಾಗೆ ತಿಳಿದಿಲ್ಲ. ಸೆರೆಮನೆಯ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಅಳಿದುಹೋಗುವುದಿಲ್ಲವೆಂದು ೧೯೭೮ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಅದು ಹೇಳಿತು. ೧೯೮೧ರ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಬಂಧನದಲ್ಲಿರುವವನು ಮನೆಯವರನ್ನೂ ಗೆಳೆಯರನ್ನೂ ಕಾಣುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಆದುದರಿಂದ ನಾವು ಸೆರೆಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು ಯಾರ ಕೃಪೆಯನ್ನೂ ಬೇಡುವುದಕ್ಕಲ್ಲ.

೨೦೨೨ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ತೀರ್ಮಾನವಾಗಿರಲೇ ಇಲ್ಲ. ಜಾಮೀನಿಗೆ ಹಣವಿಲ್ಲದೆ, ವಕೀಲರಿಲ್ಲದೆ, ಕೇಳುವವರಿಲ್ಲದೆ ಉಳಿದವರು ಅವರಲ್ಲಿ ಹಲವರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೆ ಒಳಗಾಗದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಬಂಧನದಲ್ಲಿ ಕಳೆದಿದ್ದರೆ ಬಿಡುಗಡೆಗೆ ಅವಕಾಶವಿದೆ. ಅವನ ಮೇಲೆ ಬೇರೆ ಮೊಕದ್ದಮೆಗಳಿದ್ದರೆ ಈ ಅನುಕೂಲವಿಲ್ಲ. ಇಂಥ ವಿಷಯವನ್ನು ತಿಳಿದು ಹೇಳುವ ಒಬ್ಬ ಗೆಳೆಯನಿದ್ದರೆ ಎಷ್ಟೋ ಮನೆಗಳ ಕಣ್ಣೀರು ಬೇಗ ಒರೆಸೀತು.

ಇನ್ನೆರಡು ತೀರ್ಪುಗಳನ್ನು ನಮ್ಮ ಓದುಗರು ಗಮನಿಸಬೇಕು. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕು, ಅದರಲ್ಲಿ ಒಂದು ಪಾಲನ್ನು ಅಪರಾಧದಿಂದ ನೊಂದವರಿಗೆ ತೆಗೆದಿಡುವಂತೆ ಕಾನೂನಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ ೧೯೯೮ರಲ್ಲಿ ಹೇಳಿತು. ಮಡಿದವನ ಮಕ್ಕಳ ಶಾಲೆಯನ್ನು ಕೇಳಿದ ನನ್ನ ಗೆಳೆಯನಿಗೆ ಈ ಸಂಗತಿ ತಿಳಿಸಿದಾಗ ಅವನ ಮುಖದಲ್ಲಿ ಕೊಂಚ ಕಳೆ ಬಂದಿತು. ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ೨೦೨೪ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಸಾರಿತು. ಒಬ್ಬನಿಗೆ ಅಡಿಗೆ, ಇನ್ನೊಬ್ಬನಿಗೆ ಕಸ ಗುಡಿಸುವುದು ಎಂದು ಹುಟ್ಟಿನಿಂದಲೇ ಗೊತ್ತುಮಾಡುವ ನಿಯಮಗಳು ಕೆಲವು ರಾಜ್ಯಗಳ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿದ್ದವು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಮಾತನ್ನು ಹನ್ನೆರಡನೆಯ ಶತಮಾನದಿಂದ ಕೇಳಿಕೊಂಡು ಬಂದ ನಾವು ಈ ತೀರ್ಪನ್ನು ನಮ್ಮದೆಂದೇ ಭಾವಿಸಬೇಕು.

ಮನೆಯವರ ಸೆರೆ

ಒಬ್ಬನು ಒಳಹೋದರೆ ಅವನ ಮನೆಯವರು ಹೊರಗಿದ್ದೂ ಸೆರೆಯಾಳುಗಳಾಗುತ್ತಾರೆ. ಗೆಳೆಯನ ಮನೆಯನ್ನು ನಾನು ಬಲ್ಲೆ. ಅವನ ಹೆಂಡತಿ ಹಬ್ಬ ಹುಣ್ಣಿಮೆಗೆ ಮಠಕ್ಕೆ ಬಂದರೂ ಕಂಬದ ಹಿಂದೆ ಕೂಡುತ್ತಾಳೆ. ಪ್ರಸಾದದ ಪಂಕ್ತಿ ಏಳುವ ಮುನ್ನ ಮನೆ ಸೇರುತ್ತಾಳೆ. ಅರಿಸಿನ ಕುಂಕುಮಕ್ಕೆ ಕರೆಯುವವರು ಕಡಿಮೆಯಾದರು. ಮಗಳಿಗೆ ನೋಡಲು ಬರುತ್ತೇವೆಂದವರು ಬರಲಿಲ್ಲ. ಶಾಲೆಯಲ್ಲಿ ಮಗನಿಗೆ, “ನಿಮ್ಮಪ್ಪ ಎಲ್ಲಿ?” ಎಂದು ಕೇಳುವ ಗೆಳೆಯರಿದ್ದಾರೆ. ಶಿಕ್ಷೆಯನ್ನು ನ್ಯಾಯಾಲಯ ಒಬ್ಬನಿಗೆ ವಿಧಿಸಿತು. ಇಡೀ ಮನೆಗೆ ಅದನ್ನು ಹಂಚಿದವರು ನಾವು.

ಒಳ್ಳೆಯದನ್ನೂ ಹೇಳಬೇಕು. ಕಳೆದ ಮುಂಗಾರಿನಲ್ಲಿ ಓಣಿಯ ನಾಲ್ಕು ಮನೆಗಳವರು ಮುಯ್ಯಾಳಾಗಿ ಹೋಗಿ ಅವರ ಹೊಲ ಬಿತ್ತಿಕೊಟ್ಟರು. ಯಾರೂ ಭಾಷಣ ಮಾಡಲಿಲ್ಲ, ಯಾರೂ ಉಪಕಾರವೆಂದು ಹೇಳಿಕೊಳ್ಳಲಿಲ್ಲ. ಬಾವಿ ಹೊಲದಲ್ಲಿ ಜೋಳ ಬಿತ್ತಿದ್ದಾರೆಂದು ನಾನು ಜಾಲರಿಯಾಚೆಗೆ ಕೂಗಿ ಹೇಳಿದಾಗ, ಯಾರು ಯಾರು ಬಂದಿದ್ದರೆಂದು ಹೆಸರು ಹೆಸರಾಗಿ ಕೇಳಿ ತಿಳಿದುಕೊಂಡ. ಇನ್ನೊಮ್ಮೆ ಕಂಡಾಗ ಆ ಹೆಸರುಗಳನ್ನು ತಪ್ಪದೆ ಒಪ್ಪಿಸಿದ. ರಾತ್ರಿ ಮಲಗುವಾಗ ಒಮ್ಮೆ ಎಣಿಸಿಕೊಳ್ಳುತ್ತೇನೆಂದು ಹೇಳಿದ.

ಹೋಗುವವರು ತಿಳಿದಿರಬೇಕಾದ್ದು

ನಿಮ್ಮ ಬಂಧುವೋ ಗೆಳೆಯನೋ ಸೆರೆಯಲ್ಲಿದ್ದರೆ ಭೇಟಿಯ ದಿನ ಮತ್ತು ಹೊತ್ತನ್ನು ಮುಂಚಿತವಾಗಿ ಆ ಕಾರಾಗೃಹದಲ್ಲಿಯೇ ವಿಚಾರಿಸಿಕೊಳ್ಳಿ. ಶಿಕ್ಷೆಯಾದವರಿಗೂ ವಿಚಾರಣಾಧೀನರಿಗೂ ನಿಯಮಗಳು ಬೇರೆ ಬೇರೆ. ಇ-ಮುಲಾಖತ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ ಭೇಟಿಗೆ ಮೊದಲೇ ಹೆಸರು ನೋಂದಾಯಿಸಬಹುದು. ಮನೆಯಲ್ಲಿ ಓದಿದ ಹುಡುಗರಿದ್ದರೆ ಮಾಡಿಕೊಟ್ಟಾರು. ಗುರುತಿನ ಚೀಟಿ ಮರೆಯಬೇಡಿ. ಹಣವನ್ನು ಕೈಯಿಂದ ಕೈಗೆ ಕೊಡಲು ಹೋಗದೆ ಕೈದಿಯ ಖಾತೆಗೆ ನಿಯಮದಂತೆ ಕಟ್ಟಿ. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಕೊಟ್ಟಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದುಕೊಡಿ. ಹೋಗಲು ಆಗದ ತಿಂಗಳು ಪತ್ರ ಬರೆಯಿರಿ. ಕಾಗದ ತಪಾಸಣೆಯಾಗಿಯೇ ತಲುಪುತ್ತದೆ. ಆದರೂ ತಲುಪಿದ ಕಾಗದವನ್ನು ಹತ್ತು ಸಲ ಓದುವವರಿದ್ದಾರೆ.

ಭೇಟಿಯಲ್ಲಿ ಏನು ಮಾತನಾಡಬೇಕೆಂಬ ಸಂಕೋಚ ಹಲವರಿಗೆ. ಬುದ್ಧಿವಾದ ಬೇಡ, ಅದು ಒಳಗೆ ಬೇಕಾದಷ್ಟು ಸಿಗುತ್ತದೆ. ಮಳೆ ಬೆಳೆಯ ಸುದ್ದಿ, ಎಮ್ಮೆ ಈದ ಸುದ್ದಿ, ಜಾತ್ರೆಯಲ್ಲಿ ತೇರು ಎಲ್ಲಿ ನಿಂತಿತು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು ಎಂಬಂಥ ಮಾತು ಒಯ್ಯಿರಿ. ಊರಿನಲ್ಲಿ ತನಗೊಂದು ಜಾಗ ಉಳಿದಿದೆಯೆಂಬುದು ಅವನಿಗೆ ಅದರಿಂದಲೇ ತಿಳಿಯುತ್ತದೆ. ನೊಂದವರ ಮನೆಯನ್ನೂ ಮರೆಯಬೇಡಿ. ಎರಡು ಮನೆಗಳ ನಡುವಿನ ಬದುವನ್ನು ಹಿರಿಯರು ಕೂಡಿ, ಭೂಮಾಪಕರನ್ನು ಕರೆಸಿ, ಕಲ್ಲು ನೆಡಿಸಿ ಮುಗಿಸಿಕೊಟ್ಟರೆ ಮುಂದಿನ ತಲೆಮಾರಿನ ಬಡಿಗೆ ಮೇಲೇಳದು.

ಸೆರೆಯಲ್ಲಿರುವವನಿಗೆ ಮತ ಹಾಕುವ ಹಕ್ಕಿಲ್ಲ, ಬಯಸಿದ ಹೊತ್ತಿಗೆ ಮಿಂದು ಪೂಜೆಗೆ ಕೂಡುವ ಅನುಕೂಲವಿಲ್ಲ, ಸತ್ತ ತಂದೆಯ ಮುಖ ನೋಡುವುದಕ್ಕೂ ಅಪ್ಪಣೆ ಬೇಕು. ಇವೆಲ್ಲ ಇರುವ ನಾವು ಬೇಸರದಿಂದ ದಿನ ನೂಕುತ್ತೇವೆ. ಸಣ್ಣ ಮಾತಿಗೆ ಕೈಯೆತ್ತುತ್ತೇವೆ. ಶರಣ ಬಂಧುಗಳೇ, ನಾಳೆ ಬೆಳಿಗ್ಗೆ ಅಗಳಿ ಸರಿಸುವಾಗ ಒಂದು ಗಳಿಗೆ ನಿಂತು ನಿಮ್ಮ ಕೈಯನ್ನು ನೋಡಿಕೊಳ್ಳಿ. ಬಳಿಕ, ನಿಮ್ಮ ಓಣಿಯಲ್ಲಿ ಯಾರ ಮನೆಯ ಬಾಗಿಲು ನಾಚಿಕೆಯಿಂದ ಅರ್ಧ ಮುಚ್ಚಿದೆಯೆಂದು ಕಂಡುಕೊಂಡು, ಹೋಗಿ ಅದನ್ನು ತಟ್ಟಿರಿ.