ಹೃದಯ ಮತ್ತೆ ಚಿಗುರುತ್ತದೆಯೇ?

ಕೆಲವು ತಿಂಗಳ ಹಿಂದೆ ಒಬ್ಬ ಯುವಕ ನನ್ನ ದವಾಖಾನೆಗೆ ಬಂದ. ಕೈಯಲ್ಲೊಂದು ಕರಪತ್ರವಿತ್ತು. ತಂದೆಗೆ ಹೃದಯಾಘಾತವಾಗಿ ವರ್ಷ ತುಂಬಿತ್ತು. "ಹಕೀಮ್ ಸಾಹೇಬ್ರೇ, ಸ್ಟೆಮ್ ಸೆಲ್ ಹಾಕಿಸಿದರೆ ಅಬ್ಬಾರ ಹೃದಯ ಹೊಸದಾಗುತ್ತದಂತೆ. ಮನೆಯ ಹಿಂದಿನ ಜಾಗ ಮಾರಲು ಅಮ್ಮಿ ಒಪ್ಪಿದ್ದಾರೆ" ಎಂದ. ತಂದೆಯ ಮಾತ್ರೆಗಳ ಬಗ್ಗೆ ವಿಚಾರಿಸಿದೆ. ಹಣ ಉಳಿಸಲೆಂದು ಎರಡು ತಿಂಗಳಿಂದ ನಿಲ್ಲಿಸಿಬಿಟ್ಟಿದ್ದರು!

ಇಂತಹ ಕರಪತ್ರ ನಾಳೆ ನಿಮ್ಮ ಮನೆಗೂ ಬರಬಹುದು. ಆದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಕಾಂಡಕೋಶ ಎಂದರೇನು?

ತನ್ನಂತಹ ಕೋಶಗಳನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಮೂಲ ಜೀವಕೋಶವೇ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್. ನಮ್ಮ ಮೂಳೆಮಜ್ಜೆಯಲ್ಲಿ ಇವು ಹೇರಳವಾಗಿ ಕೆಲಸ ಮಾಡುತ್ತವೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ಗಳದ್ದು ಎಂಟು ಹತ್ತು ದಿನ. ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ.

ಹೃದಯದ ಸ್ನಾಯು ಹಾಗಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಒಂದು ಲೆಕ್ಕ ಕೊಟ್ಟರು. 25ರ ವಯಸ್ಸಿನಲ್ಲಿ ಹೃದಯ ಸ್ನಾಯುವಿನ ಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ, 75ರ ವಯಸ್ಸಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ. ದೊಡ್ಡ ಹೃದಯಾಘಾತದಲ್ಲಾದರೋ 100 ಕೋಟಿಯಷ್ಟು ಕೋಶಗಳು ಸಾಯಬಹುದು. ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ, ಸ್ನಾಯು ಬೆಳೆಯುವುದಿಲ್ಲ.

ಹೃದಯದಲ್ಲಿಯೇ ಕಾಂಡಕೋಶಗಳಿವೆ, ಅವು ಸ್ನಾಯುವನ್ನು ಮತ್ತೆ ಕಟ್ಟುತ್ತವೆ ಎಂದು ಅಮೆರಿಕದ ಸಂಶೋಧಕ ಪಿಯೆರೊ ಅನ್ವೆರ್ಸಾ ಬಹಳ ವರ್ಷ ವಾದಿಸಿದರು. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಆಸ್ಪತ್ರೆ, ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಶಿಫಾರಸು ಮಾಡಿದವು. ಅವುಗಳಲ್ಲಿ ಸುಳ್ಳು ಮಾಹಿತಿ ಸೇರಿತ್ತು ಎಂಬುದೇ ಕಾರಣ.

ಬೀಜ ಮತ್ತು ಮಣ್ಣು

ಹಾಗೆಂದು ಎಲ್ಲವೂ ಸುಳ್ಳಲ್ಲ. ಹೃದಯದ ಚಿಕ್ಕ ತುಣುಕಿನಿಂದ ತೆಗೆದ ಕೆಲವು ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು. ಆದರೆ ಬರಿಯ ಉಪ್ಪು ಸಕ್ಕರೆಯ ದ್ರಾವಣದಲ್ಲಿ ಅವು ಸೊರಗುತ್ತವೆ. ಅವುಗಳಿಗೆ ರಕ್ತದ ಸೀರಮ್ ಬೇಕು. ಸೀರಮ್‌ನಲ್ಲಿರುವ ಕೆಲವು ಪ್ರೋಟೀನುಗಳು ಕೋಶಕ್ಕೆ ಅಂಟಿ ನಿಲ್ಲಲು ಆಸರೆ ಕೊಡುತ್ತವೆ. ಪ್ಲೇಟ್‌ಲೆಟ್‌ಗಳು ಬಿಡುವ ಅಂಶಗಳು 'ಬೆಳೆ, ವಿಭಜಿಸು' ಎಂಬ ಸೂಚನೆ ಕೊಡುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಬಲೆಯಂತೆ ಹಿಡಿದಿಡುತ್ತದೆ.

ಕೋಶಗಳನ್ನು ನೇರವಾಗಿ ಹೃದಯಕ್ಕೆ ಚುಚ್ಚಿದಾಗ ಹೆಚ್ಚಿನವು ಕೆಲವೇ ದಿನಗಳಲ್ಲಿ ಕೊಚ್ಚಿಹೋಗುತ್ತವೆ ಇಲ್ಲವೆ ಸಾಯುತ್ತವೆ. ಅದಕ್ಕಾಗಿಯೇ ರಕ್ತದ ಇಂತಹ ಅಂಶಗಳನ್ನು ಸೇರಿಸಿದ ಲೋಳೆಯಲ್ಲಿಟ್ಟು ಅವನ್ನು ಉಳಿಸುವ ಸಂಶೋಧನೆಗಳು ನಡೆದಿವೆ. ಬೀಜ ಎಷ್ಟೇ ಒಳ್ಳೆಯದಿರಲಿ, ಮಣ್ಣು ಸರಿಯಿಲ್ಲದಿದ್ದರೆ ಮೊಳೆಯದು.

ನಮ್ಮ ಯುನಾನಿ ವೈದ್ಯದಲ್ಲಿ ದೇಹದ ನಾಲ್ಕು ರಸಗಳಲ್ಲಿ 'ದಮ್' ಅಂದರೆ ರಕ್ತವೂ ಒಂದು. 13ನೇ ಶತಮಾನದಲ್ಲಿ ಇಬ್ನುನ್ನಫೀಸ್, ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಬರುತ್ತದೆ ಎಂದು ಬರೆದರು. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ: ಸತ್ತ ಹೃದಯ ಸ್ನಾಯುವನ್ನು ಬದುಕಿಸುವ ಔಷಧಿ ಯುನಾನಿಯಲ್ಲೂ ಇಲ್ಲ.

ನೀವು ಏನು ಮಾಡಬೇಕು?

ಹೃದಯಾಘಾತಕ್ಕೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂತಹವುಗಳಿಗೆ ಮಾಡುವ ಮೂಳೆಮಜ್ಜೆ ಕಸಿಯನ್ನು ಬಿಟ್ಟರೆ, ಉಳಿದೆಲ್ಲವೂ ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಎದೆಯಲ್ಲಿ ಒತ್ತಿದಂತಹ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಗ್ಯಾಸ್ಟ್ರಿಕ್ ಎಂದು ಕಾಯಬೇಡಿ. ಯುನಾನಿ ದವಾಖಾನೆಗೂ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಕರ್ನಾಟಕದಲ್ಲಿ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಮಣ್ಣನ್ನು ಚೆನ್ನಾಗಿಡುವುದು ನಿಮ್ಮ ಕೈಯಲ್ಲಿದೆ. ಸಕ್ಕರೆ ಕಾಯಿಲೆ ಮತ್ತು ಧೂಮಪಾನ, ರಕ್ತನಾಳವನ್ನು ದುರಸ್ತಿ ಮಾಡುವ ಕೋಶಗಳನ್ನು ಕುಗ್ಗಿಸುತ್ತವೆ. ದಿನವೂ ನಡೆದರೆ ಅವು ಚುರುಕಾಗುತ್ತವೆ. ಬೀಡಿ, ಸಿಗರೇಟು ಬಿಡಿ. ಡಾಲ್ಡಾ, ಕರಿದ ತಿನಿಸು, ಉಪ್ಪು ಕಡಿಮೆ ಮಾಡಿ. ಬಿಪಿ, ಶುಗರ್ ಪರೀಕ್ಷಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಹಿಜಾಮಾ ಮಾಡಿಸಬಾರದು. ರಮಝಾನಿನಲ್ಲಿ ಮಾತ್ರೆಯ ಸಮಯವನ್ನು ಮೊದಲೇ ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಿ, ಸ್ವತಃ ನಿಲ್ಲಿಸಬೇಡಿ.

ಆ ಯುವಕನನ್ನು ತಂದೆಯೊಂದಿಗೆ ಹೃದ್ರೋಗ ತಜ್ಞರ ಬಳಿಗೆ ಮರಳಿ ಕಳುಹಿಸಿದೆ. ಮಾತ್ರೆಗಳು ಮತ್ತೆ ಆರಂಭವಾದವು. ಕಳೆದ ವಾರ ತಂದೆಯೇ ಬಂದಿದ್ದರು. ಫಜ್ರ್ ನಮಾಝಿನ ಬಳಿಕ ಅರ್ಧ ಗಂಟೆ ನಡೆಯುತ್ತಾರಂತೆ. ಮನೆಯ ಹಿಂದಿನ ಜಾಗ ಮಾರಿಲ್ಲ, ಅಲ್ಲಿ ಬಸಳೆ ಹಾಕಿದ್ದಾರೆ.